ಬಾಡಿಗೆ ಮನೆಗೆ ಎಲ್‌ಇಡಿ ಪಟ್ಟಿ, ಪೆನ್ ಟೆಸ್ಟರ್: ಮೂರು ಮಳೆಗಾಲ ಬಳಸಿದ ಮೇಲೆ

ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ನಮ್ಮದು ಹಳೇ ವೈರಿಂಗಿನ ಬಾಡಿಗೆ ಮನೆ. ಬಂದಾಗ ಹಾಲ್‌ನಲ್ಲೂ ಅಡುಗೆಮನೆಯಲ್ಲೂ ಚೋಕ್ ಇರುವ ನಾಲ್ಕಡಿ ಟ್ಯೂಬ್‌ಲೈಟ್ ಇತ್ತು. ಸಂಜೆ ವೋಲ್ಟೇಜ್ ಇಳಿದರೆ ಹತ್ತು ಸಲ ಮಿಟುಕಿಸಿ ಆಮೇಲೆ ಹತ್ತುತ್ತಿತ್ತು. ಓನರ್ ಆಂಟಿಗೆ ಹೇಳಿದೆ. "ನೀವೇ ಬದಲಾಯಿಸ್ಕೊಳ್ಳಿ, ಹಳೇದನ್ನ ಮಾತ್ರ ಬಿಸಾಕ್ಬೇಡಿ" ಅಂದರು. 20 ವ್ಯಾಟ್‌ನ ಎಲ್‌ಇಡಿ ಪಟ್ಟಿ (ಟ್ಯೂಬ್‌ಲೈಟಿನ ಹಾಗೇ ಉದ್ದ ಇರುವ ದೀಪ, ಅಂಗಡಿಯಲ್ಲಿ ಬ್ಯಾಟನ್ ಅಂತಾರೆ) ಎರಡು, ತಂತಿ ಮುಟ್ಟದೆಯೇ ಕರೆಂಟ್ ಪತ್ತೆ ಮಾಡುವ ಪೆನ್ ಟೆಸ್ಟರ್ ಒಂದು ತಂದೆ.

ಪಟ್ಟಿ ಹಾಕುವುದು ಏನು ಮಹಾ ಕೆಲಸ, ಎರಡು ತಂತಿ ಅಲ್ವಾ ಅಂದುಕೊಂಡಿದ್ದೆ. ಸ್ವಿಚ್ ಆರಿಸಿದೆ, ಮೇನ್ ಕೂಡ ಆರಿಸಿದೆ. ಏಣಿ ಹತ್ತಿ ಟೆಸ್ಟರ್ ಹಿಡಿದರೆ ಕೀ ಕೀ ಅಂತ ಕೂಗಿತು! ಟೆಸ್ಟರೇ ಕೆಟ್ಟಿದೆ ಅಂದುಕೊಂಡು ಇನ್ನೇನು ಕೈ ಹಾಕುತ್ತಿದ್ದೆ. ಯಾಕೋ ಧೈರ್ಯ ಬರಲಿಲ್ಲ, ಇಳಿದುಬಿಟ್ಟೆ.

ಮರುದಿನ ವೈರಿಂಗ್ ಮಾಡುವವರೊಬ್ಬರನ್ನು ಕರೆಸಿದೆ. ಅವರು ಬಂದವರೇ "ಇನ್ವರ್ಟರ್ ಎಲ್ಲಿದೆ?" ಅಂತ ಕೇಳಿದರು. ಅಟ್ಟದ ಮೇಲಿತ್ತು, ಓನರ್ ಇಟ್ಟದ್ದು. ಮಲೆನಾಡಿನ ಮಳೆಗೆ ಕರೆಂಟ್ ಹೋಗುವುದು ಇದ್ದದ್ದೇ, ಹಾಗಾಗಿ ನಮ್ಮಲ್ಲಿ ಇನ್ವರ್ಟರ್ ಇರುವ ಮನೆ ಜಾಸ್ತಿ. ನಾನು ಮೇನ್ ಆರಿಸಿದೆ, ಅದು ಪಾಪ ಕರೆಂಟ್ ಹೋಯಿತೆಂದು ತಿಳಿದು ಲೈಟಿನ ಲೈನಿಗೆ 230 ವೋಲ್ಟ್ ಕೊಡುತ್ತಾ ಕೂತಿತ್ತು. ಸ್ವಿಚ್ ಆರಿಸಿದರೂ ಯಾಕೆ ಬಂತು? ಹಿಂದೆ ಯಾರೋ ಸ್ವಿಚ್ಚಿಗೆ ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಕೊಟ್ಟಿದ್ದರು. ದೀಪ ಆರುತ್ತದೆ, ಆದರೆ ಮೇಲಿನ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಎಲ್‌ಇಡಿ ಆರಿಸಿದ ಮೇಲೂ ರಾತ್ರಿ ಮಂಕಾಗಿ ಉರಿಯುತ್ತಿದ್ದರೆ ಒಂದು ಕಾರಣ ಇದೇ ಇರಬಹುದಂತೆ.

ಅವರು ಇನ್ವರ್ಟರ್ ಆರಿಸಿ, ಮತ್ತೆ ಪರೀಕ್ಷೆ ಮಾಡಿ, ಬೋರ್ಡಿನಲ್ಲಿ ತಂತಿ ಸರಿಪಡಿಸಿದರು. ಗೋಡೆಯಿಂದ ಬಂದದ್ದು ಕೆಂಪು, ಕಪ್ಪು. ನನ್ನ ಪಟ್ಟಿಯಲ್ಲಿದ್ದದ್ದು ಕಂದು, ನೀಲಿ. ಕಂದು ಫೇಸ್, ನೀಲಿ ನ್ಯೂಟ್ರಲ್. ಆದರೆ ಹಳೇ ಮನೆಯಲ್ಲಿ ಬಣ್ಣ ನಂಬಬೇಡಿ ಅಂದರು. ಸುಮ್ನೆ ತಿರುಚಿ ಟೇಪ್ ಸುತ್ತಲಿಲ್ಲ, ಸ್ಕ್ರೂ ಇರುವ ಕನೆಕ್ಟರ್ ಹಾಕಿದರು. ಎರಡು ಪಟ್ಟಿಗೂ ಸೇರಿ 400 ರೂಪಾಯಿ. ಕೊಡುವಾಗ ಒಂಚೂರೂ ಬೇಜಾರಾಗಲಿಲ್ಲ.

ಇನ್ನು ಪಟ್ಟಿ. ಸ್ವಿಚ್ ಒತ್ತಿದ ತಕ್ಷಣ ಹತ್ತುತ್ತದೆ, ಚೋಕಿನ ಗುಂಯ್ ಸದ್ದಿಲ್ಲ. ಹಳೇದು 36 ವ್ಯಾಟ್, ಅದರ ಮೇಲೆ ಚೋಕ್ ತಿನ್ನುವುದು ಬೇರೆ. ಹಾಗಾಗಿ ಕರೆಂಟ್ ಅರ್ಧಕ್ಕಿಂತ ಕಡಿಮೆ ಸಾಕು. ಬೆಳಕು ಮಾತ್ರ ಕಣ್ಣಿಗೆ ಚುಚ್ಚುವ ಬಿಳಿ, 6500 ಕೆಲ್ವಿನ್. ಈ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ ಕಡೆಗೆ ತಿರುಗುತ್ತದೆ, 4000ದ್ದು ತರಬೇಕಿತ್ತು. ಮಳೆ ಶುರುವಾದರೆ ಹುಳುಗಳೆಲ್ಲ ಬಂದು ತುದಿಯ ಮುಚ್ಚಳದೊಳಗೆ ಸೇರಿಕೊಳ್ಳುತ್ತವೆ.

ಹಾಲ್‌ನದ್ದು ಇವತ್ತಿಗೂ ಸರಿಯಿದೆ. ಅಡುಗೆಮನೆಯದ್ದು 14ನೇ ತಿಂಗಳಿಗೆ ಮಿಟುಕಲು ಶುರುಮಾಡಿ ಒಂದು ವಾರದಲ್ಲಿ ಆರಿಹೋಯಿತು. ಒಳಗಿನ ಡ್ರೈವರ್ (ಎಲ್‌ಇಡಿಗೆ ತಕ್ಕ ಹಾಗೆ ಕರೆಂಟ್ ಕೊಡುವ ಸರ್ಕ್ಯೂಟ್) ಹೋಗಿದೆ ಅಂದರು ಅಂಗಡಿಯವರು. ಇದರಲ್ಲಿ ಟ್ಯೂಬ್ ಮಾತ್ರ ಬದಲಾಯಿಸುವ ಹಾಗಿಲ್ಲ, ಪಟ್ಟಿಯೇ ಹೊಸದು ಬೇಕು. ಎರಡು ವರ್ಷದ ವಾರಂಟಿ ಇತ್ತು, ಬಿಲ್ಲೂ ಇತ್ತು, ಬದಲಿ ಕೊಟ್ಟರು. ಅದಾದ ಮೇಲೆ ಮಲಗುವ ಕೋಣೆಗೆ ಪಟ್ಟಿಯ ಯೋಚನೆ ಬಿಟ್ಟೆ. ಇದ್ದ ಹೋಲ್ಡರಿಗೇ ಬಲ್ಬ್ ಸಿಕ್ಕಿಸಿದೆ. ಮನೆ ಬಿಡುವಾಗ ತಿರುಗಿಸಿ ತೆಗೆದರಾಯಿತು.

ಟೆಸ್ಟರಿನಲ್ಲಿ ಎರಡು ಕೊರತೆ. ಪಕ್ಕದ ತಂತಿಯಲ್ಲಿ ಕರೆಂಟ್ ಇದ್ದರೂ ಕೂಗುತ್ತದೆ. ಸೆಲ್ ಮುಗಿದರೆ ಸುಮ್ಮನಿರುತ್ತದೆ, ಅದೇ ಭಯ. ಅದಕ್ಕೇ ಮೊದಲು ಕರೆಂಟ್ ಇರುವ ಸಾಕೆಟ್ಟಿಗೆ ಹಿಡಿದು ಕೂಗಿಸಿ ನೋಡುತ್ತೇನೆ, ಕೆಲಸದ ಜಾಗ ನೋಡಿ, ಮತ್ತೆ ಅದೇ ಸಾಕೆಟ್ಟಿಗೆ ಹಿಡಿಯುತ್ತೇನೆ.

ಪಟ್ಟಿಗೆ ಐದಕ್ಕೆ ಮೂರೂವರೆ, ಟೆಸ್ಟರಿಗೆ ನಾಲ್ಕೂವರೆ. ಹಳೇ ಟ್ಯೂಬ್‌ಲೈಟುಗಳು ಪೇಪರ್ ಸುತ್ತಿಸಿಕೊಂಡು ಅಟ್ಟದಲ್ಲೇ ಇವೆ. ಒಳಗೆ ಪಾದರಸ ಇರುತ್ತದಲ್ಲ, ಒಡೆಯದ ಹಾಗೆ ಗೋಡೆಗೆ ಒತ್ತಿ ಮಲಗಿಸಿದ್ದೇನೆ. ಆಂಟಿ ಮೇಲೆ ಬಂದಾಗಲೆಲ್ಲ "ಇದ್ಯಲ್ವಾ?" ಅಂತ ಕೇಳುತ್ತಾರೆ.