ಕೌಲ್ ಬಜಾರ್‌ನ ಜೀನ್ಸ್ ಆಲ್ಟರೇಷನ್ ಅಂಗಡಿ: ಹಳೇ ಫ್ಯಾಷನ್ ಪ್ಯಾಂಟ್ ಎಸೆಯುವ ಮುಂಚೆ ಇಲ್ಲಿಗೆ ಹೋಗಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ. ಆದರೆ ಹೊಲಿದದ್ದನ್ನು ಬಿಚ್ಚಿ ಮತ್ತೆ ಅಂದವಾಗಿ ಹೊಲಿದುಕೊಡುವವರು ಕಡಿಮೆ. ಕೌಲ್ ಬಜಾರ್‌ನ ಗಲ್ಲಿಯಲ್ಲಿರುವ ಈ ಅಂಗಡಿಗೆ ಬೋರ್ಡ್ ಕೂಡ ಇಲ್ಲ. ಎರಡು ಮಷೀನು, ಒಬ್ಬರು ಮಾಸ್ಟರ್, ಅಷ್ಟೇ.

ನನ್ನ ಮಗ ಡಿಗ್ರಿ ಓದುತ್ತಾನೆ. ಮೊದಲು ಕಾಲಿಗೆ ಅಂಟಿಕೊಳ್ಳುವ ಪ್ಯಾಂಟ್ ಬೇಕು ಅಂದ. ಆಮೇಲೆ ಮಂಡಿ ಹರಿದ ಡ್ಯಾಮೇಜ್ ಜೀನ್ಸ್. ನಂತರ ದೊಗಳೆ ಬ್ಯಾಗಿ ಪ್ಯಾಂಟ್. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಆ ವಯಸ್ಸಿನಲ್ಲಿ ಗೆಳೆಯರ ನಡುವೆ ಒಬ್ಬನೇ ಬೇರೆ ಕಾಣುವುದು ಕಷ್ಟ. ಮೊದಲು ಹಾಕಿದವನಿಗೆ ಎಲ್ಲರೂ ನೋಡ್ತಾರೆ ಅನ್ನೋ ಖುಷಿ. ಉಳಿದವರಿಗೆ ಹಿಂದೆ ಬೀಳುವ ಭಯ. ಎಲ್ಲರೂ ಹಾಕಿದ ಮೇಲೆ ಮೊದಲಿನವನಿಗೇ ಅದು ಬೇಡವಾಗುತ್ತದೆ. 1970ರ ದಶಕದ ಬೆಲ್ ಬಾಟಂ ಕೂಡ ಹೀಗೇ ಮೂಲೆ ಸೇರಿತು ಅಲ್ವಾ? ನನಗೆ ಹೊಟ್ಟೆ ಉರಿಯುವುದು ಗಟ್ಟಿಮುಟ್ಟಾದ ಬಟ್ಟೆ ಸುಮ್ನೆ ಬೀರುವಿನಲ್ಲಿ ಕೊಳೆಯುವುದಕ್ಕೆ.

ಡ್ಯಾಮೇಜ್ ಪ್ಯಾಂಟ್ ಕೆಲಸವನ್ನು ನಿಂತು ನೋಡಿದೆ. ಜೀನ್ಸ್‌ನಲ್ಲಿ ಉದ್ದದ ನೂಲು ನೀಲಿ, ಅಡ್ಡದ್ದು ಬಿಳಿ. ನೀಲಿ ಎಳೆ ಕಿತ್ತರೆ ಬಿಳಿ ಎಳೆ ಜೋತಾಡುತ್ತದೆ, ಅದೇ ಆ ಫ್ಯಾಷನ್. ಕಾಲು ಮಡಿಸಿದಾಗೆಲ್ಲ ಕಿಂಡಿ ದೊಡ್ಡದಾಗುತ್ತದೆ. ಮಾಸ್ಟರ್ ಒಳಗಿಂದ ಹಳೇ ಜೀನ್ಸ್ ತುಂಡು ಇಟ್ಟು, ಮೇಲೆ ನೀಲಿ ದಾರದಲ್ಲಿ ಹಿಂದೆ ಮುಂದೆ ಒತ್ತೊತ್ತಾಗಿ ಹೊಲಿದರು. ಜೇಬಿನ ಮೂಲೆ ಕಿತ್ತುಬರದಿರಲಿ ಎಂದು ತಾಮ್ರದ ಪುಟ್ಟ ಮೊಳೆ, ಅಂದರೆ ರಿವೆಟ್ ಹೊಡೆದು, 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪ್ಯಾಂಟ್ ಇದು. ದುಡಿಯುವವರ ಉಡುಪು. ಅದು ಬಾಳಬೇಕು.

ಅಗಲ ಕಡಿಮೆ ಮಾಡುವಾಗ ಎರಡೂ ಕಡೆ ಸಮವಾಗಿ ಹಿಡಿಯುತ್ತಾರೆ. ಒಂದೇ ಕಡೆ ಹಿಡಿದರೆ ಹೊಲಿಗೆ ತಿರುಚಿಕೊಳ್ಳುತ್ತದೆ. ಮೊದಲಿದ್ದ ಹೊಲಿಗೆಗೆ ಹೊಂದುವ ಹಳದಿ ದಾರವನ್ನೇ ಹಾಕಿದ್ದರು. ಟೈಟ್ ಪ್ಯಾಂಟನ್ನು ಮಾತ್ರ ವಾಪಸ್ ಕೊಟ್ಟರು. "ಅಕ್ಕಾ, ಒಳಗ ಬಟ್ಟೇನ ಇಲ್ಲ, ಎಲ್ಲಿಂದ ಬಿಡಿಸ್ಲಿ?" ಅಂದರು. ಆಗಲ್ಲ ಅಂತ ನೇರ ಹೇಳಿದ್ದು ನನಗೆ ತುಂಬಾ ಹಿಡಿಸಿತು.

ಮಂಡಿಗೆ 80 ರೂಪಾಯಿ, ಅಗಲಕ್ಕೆ 120. ಕೆಲಸಕ್ಕೆ ಹೋಲಿಸಿದರೆ ಜಾಸ್ತಿಯಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಅದೊಂದು ಕೊರತೆ. ರಂಜಾನ್, ದೀಪಾವಳಿ ಹತ್ತಿರ ಇದ್ದಾಗ ಹೋಗಬೇಡಿ. ಪ್ಯಾಂಟ್ ಒಗೆದು ತೆಗೆದುಕೊಂಡು ಹೋಗಿ. ಕುಗ್ಗಿದ ಮೇಲೇ ಅಳತೆ ಸರಿ ಸಿಗುವುದು.