ರೇಖ್ತಾದ ಇ-ಪುಸ್ತಕ ವಿಭಾಗ: ಉರ್ದು ಸೈನ್ಸ್ ಫಿಕ್ಷನ್ ಹುಡುಕುವವರಿಗೆ

ಉರ್ದುವಿನಲ್ಲಿ ಸೈನ್ಸ್ ಫಿಕ್ಷನ್ ಇಲ್ಲ ಎನ್ನುವವರು ಬಹಳ. ಇದೆ, ಆದರೆ ಪತ್ತೇದಾರಿ ಕಾದಂಬರಿಗಳ ಹೊಟ್ಟೆಯೊಳಗೆ ಸೇರಿಕೊಂಡಿದೆ. ಉರ್ದು ಕಾದಂಬರಿಕಾರ ಇಬ್ನೆ ಸಫಿ 1952ರಲ್ಲಿ ಅಲಹಾಬಾದಿನಲ್ಲಿ ಆರಂಭಿಸಿದ ‘ಜಾಸೂಸಿ ದುನಿಯಾ’ ಮತ್ತು 1955ರಿಂದ ಬಂದ ‘ಇಮ್ರಾನ್’ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಯಂತ್ರಮಾನವ ಇದ್ದಾನೆ, ವಿಜ್ಞಾನದಲ್ಲಿ ಉಳಿದವರಿಗಿಂತ ಎಷ್ಟೋ ಮುಂದಿರುವ ‘ಝೀರೋಲ್ಯಾಂಡ್’ ಎಂಬ ಗುಟ್ಟಿನ ನಾಡೂ ಇದೆ. ಅಗ್ಗದ ಕಾಗದದ ಮೇಲೆ ಅಚ್ಚಾದ ಇಂಥ ಪುಸ್ತಕಗಳ ಹಳೆಯ ಪ್ರತಿ ಸಿಗುವುದು ಕಷ್ಟ. ಹಾಗಾಗಿ 2013ರಲ್ಲಿ ಶುರುವಾದ, ಉರ್ದು ಸಾಹಿತ್ಯಕ್ಕೆ ಮೀಸಲಾದ ರೇಖ್ತಾ ಜಾಲತಾಣದ ಇ-ಪುಸ್ತಕ ವಿಭಾಗ ದೊಡ್ಡ ಆಸರೆ.

ಹುಡುಕುವಾಗಲೇ ಎಡವುವವರು ಹೆಚ್ಚು. ರೋಮನ್ ಅಕ್ಷರದಲ್ಲಿ ಒಂದೇ ಹೆಸರನ್ನು ನಾಲ್ಕು ಥರ ಬರೆಯಬಹುದು. ಉರ್ದು ಕೀಬೋರ್ಡ್ ಹಾಕಿಕೊಳ್ಳುವುದೇ ವಾಸಿ. ಆದರೆ ಅಲ್ಲಿ ಕಾಗುಣಿತ ತಪ್ಪಬಾರದು. ‘ಸ’ ಉಚ್ಚಾರಕ್ಕೆ ಒಂದಕ್ಕಿಂತ ಹೆಚ್ಚು ಉರ್ದು ಅಕ್ಷರಗಳಿವೆ: ‘ಸಫಿ’ಗೆ ಸೀನ್ ಅಲ್ಲ, ಸ್ವಾದ್. ‘ಇಬ್ನೆ’ಯಲ್ಲಿ ಕೇಳಿಸುವ ಎಕಾರ ಬರಹದಲ್ಲಿ ಇರುವುದೇ ಇಲ್ಲ: ಅಲಿಫ್, ಬೇ, ನೂನ್, ಅಷ್ಟೆ. ಇಬ್ನೆ ಸಫಿಯ ಕಾದಂಬರಿ ‘ತೂಫಾನ್ ಕಾ ಅಗ್ವಾ’ ಬೇಕಿದ್ದರೆ ತೂಫಾನ್‌ಗೆ ತೇ ಅಲ್ಲ, ತೋಯ್. ಅಗ್ವಾಗೆ ಗಾಫ್ ಅಲ್ಲ, ಗೈನ್. ‘ಸೈನ್ಸ್ ಫಿಕ್ಷನ್’ ಎಂದಷ್ಟೇ ಹುಡುಕಿ ಕೈಬಿಡಬೇಡಿ. ಈ ಕಾದಂಬರಿಗಳ ಮೇಲೆ ಅಂಥ ಹಣೆಪಟ್ಟಿ ಇಲ್ಲ. ಲೇಖಕರ ಹೆಸರಿನಿಂದಲೇ ಹೋಗಬೇಕು.

ಓದುವ ಭಾಗಕ್ಕೆ ಬಂದರೆ, ಇಲ್ಲಿರುವುದು ಹಳೆಯ ಪುಟಗಳ ಸ್ಕ್ಯಾನ್ ಚಿತ್ರ. ಗಜಲ್ ಪುಟಗಳಲ್ಲಿ ಪದದ ಮೇಲೆ ಒತ್ತಿದರೆ ಅರ್ಥ ಬರುತ್ತದಲ್ಲ, ಆ ಸೌಕರ್ಯ ಇಲ್ಲಿಲ್ಲ. ಲಿಪಿ ಬದಲಿಸಿ ದೇವನಾಗರಿಯಲ್ಲಿ ಓದುವಂತೆಯೂ ಇಲ್ಲ. ಕಾತಿಬರು (ಅಚ್ಚಿಗಾಗಿ ಪುಟ ಬರೆದುಕೊಡುವ ಬರಹಗಾರರು) ಕೈಯಲ್ಲಿ ಬರೆದ ನಸ್ತಾಲೀಕ್ ಶೈಲಿಯ ಉರ್ದು ಅಕ್ಷರ ನೋಡಲು ಚೆಂದ, ಆದರೆ ಅಚ್ಚು ಮಾಸಿದ ಕಡೆ ಮೊದಲು ಅಳಿಯುವುದು ಚುಕ್ಕಿಗಳು. ಪದದ ನಡುವೆ ಬೇ, ಪೇ, ತೇ, ನೂನ್, ಯೇ ಐದಕ್ಕೂ ಮೈಕಟ್ಟು ಒಂದೇ, ಚುಕ್ಕಿಯಿಂದಲೇ ಗುರುತು. ಚುಕ್ಕಿ ಹೋಯಿತೆಂದರೆ ಹಿಂದುಮುಂದಿನ ಮಾತಿನಿಂದ ಊಹಿಸಬೇಕು. ಫೋನನ್ನು ಅಡ್ಡ ಹಿಡಿದು, ಪುಟದ ಅರ್ಧವಷ್ಟೇ ಕಾಣುವಂತೆ ಹಿಗ್ಗಿಸಿಕೊಂಡರೆ ಕಣ್ಣಿಗೆ ಸುಲಭ.

ಸಾಮಾನ್ಯ ಕಾದಂಬರಿಗಿಂತ ಇಲ್ಲಿ ತೊಡಕು ಜಾಸ್ತಿ, ಏಕೆಂದರೆ ಹೊಸದಾಗಿ ಕಟ್ಟಿದ ಪದಗಳು ನಿಘಂಟಿನಲ್ಲಿ ಸಿಗವು. ಯಂತ್ರಮಾನವನ ಹೆಸರು ‘ಫೌಲಾದ್ಮಿ’ಯನ್ನೇ ನೋಡಿ. ಫೌಲಾದ್ ಎಂದರೆ ಉಕ್ಕು; ಅದರ ಕೊನೆಯ ‘ಆದ್’ ಮತ್ತು ಆದ್ಮಿಯ ಮೊದಲ ‘ಆದ್’ ಒಂದರೊಳಗೊಂದು ಬೆಸೆದು ಉಕ್ಕಿನ ಮನುಷ್ಯ ಹುಟ್ಟಿದ್ದಾನೆ. ಎಂಥ ಸೊಗಸಾದ ಪದ! ಪಕ್ಕದ ಟ್ಯಾಬ್‌ನಲ್ಲಿ ರೇಖ್ತಾ ನಿಘಂಟು ತೆರೆದಿಟ್ಟುಕೊಂಡು, ಇಂಥ ಪದವನ್ನು ಒಡೆದು ತುಂಡುತುಂಡಾಗಿ ಹುಡುಕಿ. ‘ಥ್ರೇಸಿಯಾ’ದಂಥ ಪಾತ್ರಗಳ ವಿದೇಶಿ ಹೆಸರುಗಳಲ್ಲಿ ಹ್ರಸ್ವ ಸ್ವರದ ಗುರುತು ಇರುವುದಿಲ್ಲ, ಬಾಯಿಬಿಟ್ಟು ಎರಡು ಮೂರು ಥರ ಓದಿ ನೋಡಿದರೆ ಹಿಡಿತಕ್ಕೆ ಬರುತ್ತದೆ.

ಬೀದರ್, ಕಲಬುರಗಿ, ವಿಜಯಪುರದ ಕಡೆ ಮನೆಯಲ್ಲಿ ದಖನಿ ಉರ್ದು ಆಡುತ್ತ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಭಾಷೆಯ ತೊಂದರೆ ಅಷ್ಟಿಲ್ಲ, ಲಿಪಿಯದ್ದೇ ತೊಂದರೆ. ಅಂಥವರು ಇದೇ ಸಂಸ್ಥೆಯ ಲಿಪಿ ಕಲಿಸುವ ತಾಣ ‘ಆಮೋಜಿಶ್’ನಲ್ಲಿ ಅಕ್ಷರ ಕೂಡಿಸಿ ಓದುವುದನ್ನು ರೂಢಿಮಾಡಿಕೊಂಡು ಬನ್ನಿ. ಮೊದಲಿಗೆ ಇಮ್ರಾನ್ ಸರಣಿಯನ್ನೇ ಹಿಡಿಯಿರಿ. ಸಂಭಾಷಣೆ ಹೆಚ್ಚು, ವಾಕ್ಯ ಚಿಕ್ಕವು.