ಶನಿವಾರ ತಲೆಗೆ ಪೆಟ್ಟು, ಭಾನುವಾರ ಮತ್ತೆ ರೇಸ್: ಎಂಟಿಬಿ ವಾರಾಂತ್ಯಕ್ಕೆ ಹೆಸರು ಕೊಡುವ ಮುಂಚೆ ಓದಿ

ಹವ್ಯಾಸಿಗಳ ಮೌಂಟನ್ ಬೈಕ್ (ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್) ರೇಸ್‌ಗೆ ಹೆಸರು ಕೊಡಲು ಹೊರಟಿದ್ದೀರಾ? ಅದರಲ್ಲೂ ಶನಿವಾರ ಒಂದು ರೇಸ್, ಭಾನುವಾರ ಇನ್ನೊಂದು, ಎರಡರ ಪಾಯಿಂಟ್ ಕೂಡಿಸಿ ಗೆದ್ದವರನ್ನು ಆರಿಸುವ ರೇಸಾ? ಹಾಗಿದ್ದರೆ ಆಯೋಜಕರಿಗೆ ಮೊದಲು ಒಂದು ಪ್ರಶ್ನೆ ಕೇಳಿ. ತಲೆಗೆ ಪೆಟ್ಟು ಬಿದ್ದವರನ್ನು ರೇಸ್‌ನಿಂದ ಇಳಿಸುವ ಅಧಿಕಾರ ಇಲ್ಲಿ ಯಾರಿಗಿದೆ? ಇಂಥವರಿಗೆ ಎಂದು ಒಬ್ಬರನ್ನು ತೋರಿಸಲು ಅವರಿಗೆ ಆಗದಿದ್ದರೆ ದುಡ್ಡು ಕಟ್ಟಬೇಡಿ.

ನನ್ನ ಗೆಳೆಯನಿಗೆ ಆದದ್ದನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾವಿಬ್ಬರೂ ಬೇರೆ ಬೇರೆ ವಿಭಾಗದಲ್ಲಿ ಓಡಿಸುತ್ತಿದ್ದೆವು.

ಶನಿವಾರ ಚಿಕ್ಕ ಸುತ್ತಿನ ರೇಸ್. ಟ್ರ್ಯಾಕ್‌ನಲ್ಲಿ ಒಂದು ಕಡೆ ಕಲ್ಲುಗಳ ಇಳಿಜಾರು, ರೈಡರ್‌ಗಳು ರಾಕ್ ಗಾರ್ಡನ್ ಅನ್ನುತ್ತಾರಲ್ಲ, ಅದು. ಅಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡು ಅವನು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ. ತಾನೇ ಎದ್ದ. ಅಲ್ಲಿ ಟ್ರ್ಯಾಕ್ ಕಾಯಲು ನಿಂತಿದ್ದ ಮಾರ್ಷಲ್ ಇನ್ನೂ ಮೀಸೆ ಚಿಗುರದ ಹುಡುಗ. ಕೈಯಲ್ಲಿ ಒಂದು ಬಾವುಟ ಬಿಟ್ಟರೆ ಸೀಟಿ ಇಲ್ಲ, ವಾಕಿಟಾಕಿ ಇಲ್ಲ. ಓಡಿ ಬಂದು ಬೈಕ್ ಎತ್ತಿಕೊಟ್ಟ. ಆ ಹುಡುಗನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಬಿದ್ದವರನ್ನು ಏನು ಕೇಳಬೇಕು, ಯಾರಿಗೆ ತಿಳಿಸಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೆಳೆಯ ಉಳಿದ ಲ್ಯಾಪ್ ಮುಗಿಸಿ, ಒಳ್ಳೆ ಸ್ಥಾನದಲ್ಲೇ ಗೆರೆ ದಾಟಿದ.

ಫಸ್ಟ್ ಏಡ್ ಟೆಂಟ್‌ನಲ್ಲಿ ತರಚಿದ ಮೊಣಕೈ ತೊಳೆದು ಬ್ಯಾಂಡೇಜ್ ಹಾಕಿದರು. "ತಲೆ ಸುತ್ತುತ್ತಾ?" ಅಂದರು. ಇವನು ಇಲ್ಲ ಅಂದ. "ಹಾಗಾದ್ರೆ ನಾಳೆ ಓಡಿಸಬಹುದು." ತಪಾಸಣೆ ಅಂದರೆ ಇಷ್ಟೇ. ಹೆಲ್ಮೆಟ್ ಕಡೆ ಯಾರೂ ನೋಡಲಿಲ್ಲ.

ಸಂಜೆ ಅದನ್ನು ನಾನು ತಿರುಗಿಸಿ ನೋಡಿದೆ. ಹೊರಗೆ ಬರೀ ಗೀಚು. ಪ್ಯಾಡ್ ಕಿತ್ತರೆ ಹಿಂಭಾಗದ ಬಿಳಿ ಥರ್ಮಕೋಲ್ ಪದರ ಸೀಳಿತ್ತು, ಉಗುರು ಒಳಗೆ ಹೋಗುವಷ್ಟು. ಪೆಟ್ಟಿನ ಜೋರನ್ನು ತಾನು ನುಂಗಿಕೊಂಡು ಜಜ್ಜಿಹೋಗುವುದೇ ಆ ಪದರದ ಕೆಲಸ. ಒಮ್ಮೆ ಜಜ್ಜಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೆಲ್ಮೆಟ್ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ನಾನು ಅದನ್ನು ನೋಡುತ್ತಿರುವಾಗ ಅವನು ಕೇಳಿದ, "ನಾನು ಎಷ್ಟನೇ ಲ್ಯಾಪ್‌ನಲ್ಲಿ ಬಿದ್ದೆ?" ಹೇಳಿದೆ. ಸ್ವಲ್ಪ ಹೊತ್ತಿಗೆ ಚೈನ್ ಒರೆಸುತ್ತಾ ಮತ್ತೆ ಅದೇ ಪ್ರಶ್ನೆ, ಅದೇ ಧಾಟಿಯಲ್ಲಿ. ಬಟ್ಟೆ ಬದಲಾಯಿಸಿ ಬಂದವನು ಮತ್ತೆ ಕೇಳಿದ. ಬಿದ್ದ ಮೇಲೆ ಒಬ್ಬನನ್ನು ಹಿಂದೆ ಹಾಕಿದ್ದು ಅವನಿಗೆ ನೆನಪೇ ಇರಲಿಲ್ಲ. ನನಗೆ ಹೆದರಿಕೆ ಶುರುವಾಯಿತು. ನಾಳೆ ಬೇಡ ಎಂದು ಬೇಡಿಕೊಂಡೆ. "ಬಿಸಿಲಿಗೆ ಸ್ವಲ್ಪ ತಲೆನೋವು ಅಷ್ಟೆ ಕಣೋ" ಅಂದ.

ಎರಡು ದಿನದ ರೇಸ್‌ನ ನಿಜವಾದ ಅಪಾಯ ಇಲ್ಲೇ ಇರುವುದು. ಶನಿವಾರದ ಸ್ಥಾನದ ಮೇಲೆ ಭಾನುವಾರದ ಸ್ಟಾರ್ಟ್ ಸಾಲು ನಿರ್ಧಾರ ಆಗುತ್ತದೆ. ಚೆನ್ನಾಗಿ ಓಡಿಸಿದವನಿಗೆ ಮುಂದಿನ ಸಾಲು. ಟ್ರ್ಯಾಕ್ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲವಾದಾಗ ಮುಂದಿನ ಸಾಲು ಅಂದರೆ ಅರ್ಧ ರೇಸ್ ಗೆದ್ದಂತೆ. ಭಾನುವಾರ ಇಳಿಯದಿದ್ದರೆ ಶನಿವಾರದ ಪಾಯಿಂಟ್ ಕೂಡ ನೀರುಪಾಲು. ತಿಂಗಳುಗಟ್ಟಲೆ ಬೆವರು ಹರಿಸಿದವನು ತಾನಾಗಿ ಹಿಂದೆ ಸರಿಯುತ್ತಾನಾ? ಸಾಲದ್ದಕ್ಕೆ, ತನಗೇನಾಗಿದೆ ಎಂದು ಅಳೆಯಬೇಕಾದ ತಲೆಗೇ ಪೆಟ್ಟು ಬಿದ್ದಿರುತ್ತದೆ. ಅದಕ್ಕೇ ಆ ನಿರ್ಧಾರ ಇನ್ನೊಬ್ಬರ ಕೈಯಲ್ಲಿ ಇರಬೇಕು.

ಭಾನುವಾರ ಬೆಳಿಗ್ಗೆ ಆಯೋಜಕರ ಮೇಜಿಗೆ ಹೋಗಿ ಎಲ್ಲ ಹೇಳಿದೆ. ಒಡೆದ ಹೆಲ್ಮೆಟ್ ಮುಂದಿಟ್ಟೆ. "ಏನಾದ್ರೂ ಹೊಣೆ ತಮ್ಮದೇ ಅಂತ ಅವರು ಫಾರ್ಮ್‌ಗೆ ಸಹಿ ಮಾಡಿದ್ದಾರೆ, ಫಸ್ಟ್ ಏಡ್‌ನವರು ಓಕೆ ಅಂದಿದ್ದಾರೆ, ನಾವು ತಡೆಯೋಕೆ ಬರಲ್ಲ" ಅಂದರು. ಫಸ್ಟ್ ಏಡ್ ಟೆಂಟ್‌ಗೆ ಹೋದೆ. "ಆಯೋಜಕರು ಹೇಳಿದ್ರೆ ತಡೀತೀವಿ" ಅಂದರು. ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸುವಷ್ಟರಲ್ಲಿ ನನ್ನ ವಿಭಾಗವನ್ನು ಕರೆದರು. ಗೆಳೆಯ ಯಾರದೋ ಹೆಲ್ಮೆಟ್ ಇಸಿದುಕೊಂಡು ಆಮೇಲಿನ ರೇಸ್‌ಗೆ ನಿಂತ.

ಎರಡನೇ ಸಲ ಅವನು ಬಿದ್ದ ಜಾಗವನ್ನು ನಾನು ಆಮೇಲೆ ಹೋಗಿ ನೋಡಿದೆ. ಕಲ್ಲಿಲ್ಲ, ಬೇರಿಲ್ಲ. ಅಗಲವಾದ, ಗಟ್ಟಿ ಮಣ್ಣಿನ ತಿರುವು. ಹಿಂದೆ ಬರುತ್ತಿದ್ದ ರೈಡರ್ ಹೇಳಿದ್ದು: ತಿರುವು ಬಂದರೂ ಇವನು ಹ್ಯಾಂಡಲ್ ತಿರುಗಿಸಲೇ ಇಲ್ಲ, ನೇರವಾಗಿ ಹೋಗಿ ಮರಕ್ಕೆ ಬಡಿದ. ಆ ರೈಡರ್ ತನ್ನ ರೇಸ್ ಬಿಟ್ಟು ಇವನ ತಲೆ ಅಲುಗದಂತೆ ಹಿಡಿದು ಕೂತರು. ಅವರ ಋಣ ದೊಡ್ಡದು. ಅಲ್ಲಿ ಮಾರ್ಷಲ್ ಇರಲಿಲ್ಲ. ಫೋನ್ ಸಿಗ್ನಲ್ ಸಿಗಲಿಲ್ಲ. ಇನ್ನೊಬ್ಬರು ಸ್ಟಾರ್ಟ್ ಗೇಟ್‌ವರೆಗೆ ಬೈಕ್ ತುಳಿದು ಸುದ್ದಿ ಮುಟ್ಟಿಸಬೇಕಾಯಿತು. ಆಂಬುಲೆನ್ಸ್ ಇತ್ತು. ಆದರೆ ಪ್ರೇಕ್ಷಕರ ಕಾರುಗಳು ದಾರಿಗೆ ಅಡ್ಡ ನಿಂತಿದ್ದವು. ಸ್ಟ್ರೆಚರ್ ಹೊತ್ತುಕೊಂಡೇ ಬರಬೇಕಾಯಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಏನೂ ಕಾಣಲಿಲ್ಲ. ಸ್ಕ್ಯಾನ್ ಸರಿ ಇದ್ದರೆ ಎಲ್ಲ ಸರಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಅದು ತಪ್ಪು. ಮೆದುಳು ಕುಲುಕಿ ಆಗುವ ಪೆಟ್ಟು, ಅಂದರೆ ಕನ್‌ಕಷನ್, ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ರಕ್ತಸ್ರಾವ, ಮೂಳೆ ಮುರಿತ ಇಲ್ಲ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ. ಗೆಳೆಯ ಆಮೇಲೆ ಬಹಳ ದಿನ ಪರದೆ ಎಳೆದ ಕೋಣೆಯಲ್ಲಿದ್ದ. ಫೋನ್ ನೋಡಿದರೆ ತಲೆ ಸಿಡಿತ. ನಾಲ್ಕು ಸಾಲು ಓದಿದರೆ ಸುಸ್ತು. ಸದಾ ನಗುತ್ತಿದ್ದವನು ಸಣ್ಣಪುಟ್ಟದ್ದಕ್ಕೂ ರೇಗುತ್ತಿದ್ದ. ಮನೆಯವರಿಗೆ ಅದೇ ಜಾಸ್ತಿ ನೋವು ಕೊಟ್ಟಿದ್ದು.

ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2020ರ ಕೊನೆಯಲ್ಲೇ ಕನ್‌ಕಷನ್‌ಗೆಂದು ನಿಯಮಾವಳಿ ತಂದಿದೆ. ಅದರ ಪ್ರಕಾರ ಮೊದಲ 24ರಿಂದ 48 ಗಂಟೆ ವಿಶ್ರಾಂತಿ. ಲಕ್ಷಣಗಳೆಲ್ಲ ಹೋದ ಮೇಲೂ ಕನಿಷ್ಠ 1 ವಾರ ರೇಸ್ ಇಲ್ಲ, ಜೂನಿಯರ್‌ಗಳಿಗೆ 2 ವಾರ. ಅಂದರೆ ಶನಿವಾರ ಕನ್‌ಕಷನ್ ಆದವರು ಭಾನುವಾರ ಓಡಿಸುವ ಮಾತೇ ಇಲ್ಲ. ಸಂಬಳ ತಗೊಂಡು ಓಡಿಸುವವರಿಗೇ ಈ ಮಾತು ಅಂದಮೇಲೆ, ಸೋಮವಾರ ಕೆಲಸಕ್ಕೆ ಹೋಗಬೇಕಾದ ನಮಗೆ ಬೇಡವಾ? ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಎರಡನೆಯದು ಬಿದ್ದರೆ ಮೆದುಳು ಊದಿಕೊಂಡು ಜೀವವೇ ಹೋಗಬಹುದು. ಅಪರೂಪ, ಆದರೆ ಆಗಿದೆ, ಅದೂ ಹೆಚ್ಚಾಗಿ ಎಳೆಯ ವಯಸ್ಸಿನವರಿಗೆ.

ಪ್ರಜ್ಞೆ ತಪ್ಪಲಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂಬ ಮಾತನ್ನು ನಂಬಬೇಡಿ. ಕನ್‌ಕಷನ್ ಆದ ಬಹುತೇಕರಿಗೆ ಪ್ರಜ್ಞೆ ತಪ್ಪುವುದಿಲ್ಲ. ಲಕ್ಷಣಗಳು ಗಂಟೆಗಳ ನಂತರವೂ ಶುರುವಾಗಬಹುದು. "ತಲೆ ಸುತ್ತುತ್ತಾ" ಎಂಬ ಒಂದೇ ಪ್ರಶ್ನೆ ಸಾಲದು. ಯಾವ ರೇಸ್, ಎಷ್ಟನೇ ಲ್ಯಾಪ್, ಬೀಳುವ ಮುಂಚೆ ಯಾರ ಹಿಂದಿದ್ದೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೈಕ್ ಕಸಿದುಕೊಳ್ಳಿ, ಅವತ್ತು ಒಬ್ಬರನ್ನೇ ಬಿಡಬೇಡಿ, ಗಾಡಿ ಓಡಿಸಲು ಕೊಡಬೇಡಿ. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಎರಡೆರಡು ಕಂಡರೆ, ಕತ್ತು ನೋವು, ಕೈಕಾಲು ಜುಮ್ಮೆನ್ನುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಯಾವುದೇ ಇದ್ದರೂ ತಕ್ಷಣ ಆಸ್ಪತ್ರೆ. ಕತ್ತು ನೋವು ಅಂದರೆ ಎತ್ತಿ ಕೂರಿಸಲು ಹೋಗಬೇಡಿ, ಹೆಲ್ಮೆಟ್ ಎಳೆಯಬೇಡಿ.

ಬಿಬ್ ನಂಬರ್ (ರೇಸ್ ನಂಬರಿನ ಚೀಟಿ) ತಗೊಳ್ಳುವಾಗ ಇನ್ನೂ ಎರಡು ವಿಷಯ ನೋಡಿ. ಮಾರ್ಷಲ್‌ಗಳ ಕೈಯಲ್ಲಿ ವಾಕಿಟಾಕಿ ಇದೆಯಾ? ಟ್ರ್ಯಾಕ್‌ನ ಅತಿ ದೂರದ ಮೂಲೆಗೆ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತದೆ ಎಂದು ಯಾರಾದರೂ ತೋರಿಸುತ್ತಾರಾ? ಪ್ರಾಕ್ಟೀಸ್ ಲ್ಯಾಪ್‌ನಲ್ಲೇ ಆ ದಾರಿ ಕಣ್ಣಿಗೆ ಬೀಳಬೇಕು.

ಆಯೋಜಕರಿಗೆ ಉದ್ದದ ಪತ್ರ ಬರೆದೆ. ಉತ್ತರವಾಗಿ ಬಂದದ್ದು ಗೆಳೆಯ ಸಹಿ ಮಾಡಿದ ಫಾರ್ಮ್‌ನ ಫೋಟೋ. ಅವರ ಮುಂದಿನ ವಾರಾಂತ್ಯಕ್ಕೆ ಈಗ ಎಂಟ್ರಿ ತೆರೆದಿದೆ. ನಿಯಮಗಳನ್ನು ಸಾಲು ಸಾಲಾಗಿ ಓದಿದೆ. ಎರಡು ದಿನದ ಪಾಯಿಂಟ್ ಕೂಡಿಸುವ ನಿಯಮ ಹಾಗೇ ಇದೆ. ತಲೆಗೆ ಪೆಟ್ಟು ಬಿದ್ದರೆ ಏನು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಗಾಯದಿಂದ ಭಾನುವಾರ ಇಳಿಯಲಾಗದವರಿಗೆ ಶನಿವಾರದ ಫಲಿತಾಂಶವನ್ನು ಪ್ರತ್ಯೇಕವಾಗಿ ಉಳಿಸಿಕೊಡಿ, ಪೆಟ್ಟು ಬಿದ್ದವರನ್ನು ರೇಸ್‌ನಿಂದ ಇಳಿಸುವ ಅಧಿಕಾರವನ್ನು ಒಬ್ಬ ವೈದ್ಯರಿಗೆ ಬರೆದು ಕೊಡಿ ಎಂದು ಮತ್ತೆ ಕೇಳಿದ್ದೇನೆ. ನೀವು ಹೆಸರು ಕೊಡುವ ರೇಸ್‌ನವರಿಗೂ ಇದನ್ನೇ ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.